ಕಿತ್ತಿಕೊ – ಹಚ್ಚಿಕೊ

ನಮ್ಮ ಹಾವೇರಿ ಜಿಲ್ಲೆ ಗಣಿಗಳಿಗೆ ಹೆಸರಾದುದಲ್ಲ. ಬ್ಯಾಡಗಿಯೆಂದರೆ ಮೆಣಸಿನಕಾಯಿ, ಹಾವೇರಿಯೆಂದರೆ ಏಲಕ್ಕಿಯ ಹಾರ, ರಾಣೆಬೆನ್ನೂರೆಂದರೆ ಬೀಜದ ವ್ಯಾಪಾರ ಮತ್ತು ಕೃಷ್ಣಮೃಗ. ಹೊರಗಿನವರು ನಮ್ಮನ್ನು ಗುರುತಿಸುವುದು ಇಷ್ಟರಿಂದಲೇ. ಬಳ್ಳಾರಿಯ ಕಬ್ಬಿಣದ ಬೆಟ್ಟಗಳ ಮಾತು ಬಂದಾಗ ನಾವೂ ಎಲ್ಲರಂತೆ, ಅದು ಆ ಸೀಮೆಯವರ ಸಂಗತಿ ಎಂದುಕೊಂಡು ಪತ್ರಿಕೆಯ ಪುಟ ಮಗುಚಿದವರೇ. ಆದರೆ ಕರ್ನಾಟಕದಲ್ಲಿ ಗಣಿಗಾರಿಕೆಯ ಹಾವಳಿಗೆ ಜನ ಒಡ್ಡಿದ ಪ್ರತಿರೋಧದ ಇತಿಹಾಸವನ್ನು ಯಾರಾದರೂ ಬರೆಯಹೊರಟರೆ, ಅವರು ಬಳ್ಳಾರಿಯಿಂದಲ್ಲ, ರಾಣೆಬೆನ್ನೂರು ತಾಲೂಕಿನ ಹೊಳೆದಂಡೆಯಿಂದ ಮತ್ತು ಹಾನಗಲ್ಲ ಸೀಮೆಯ ಒಂದು ದನ ಮೇಯುವ ಬಯಲಿನಿಂದ ಆರಂಭಿಸಬೇಕಾದೀತು. ಈ ಮಾತು ನನಗೂ ಬೇಗ ತಿಳಿದದ್ದಲ್ಲ. ತಿಳಿಯುವ ಹೊತ್ತಿಗೆ ಕೂದಲು ನೆರೆತಿತ್ತು. ಹೇಗೆ ತಿಳಿಯಿತೆಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮೊದಲು ಹೊಳೆಯ ದಾರಿಯನ್ನು ನೋಡೋಣ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಶೃಂಗೇರಿಯ ಕಡೆಗೂ, ಭದ್ರೆ ಕುದುರೆಮುಖ, ಕಳಸಗಳ ಕಡೆಗೂ ಹರಿದು, ಶಿವಮೊಗ್ಗೆಯ ಹತ್ತಿರದ ಕೂಡಲಿಯಲ್ಲಿ ಒಂದಾಗುತ್ತವೆ. ಮುಂದೆ ಹೊನ್ನಾಳಿ, ಹರಿಹರ. ಹರಿಹರದ ಎದುರು ದಂಡೆಯೇ ನಮ್ಮ ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣ. ಅಲ್ಲಿಂದ ಕೆಳಕ್ಕೆ ಐರಣಿ, ಮೆಡ್ಲೇರಿಗಳ ಸೀಮೆ. ಆಮೇಲೆ ಮುಕ್ತೇಶ್ವರನ ಗುಡಿಯ ಚೌಡದಾನಪುರ. ಹನ್ನೆರಡನೆಯ ಶತಮಾನದಲ್ಲಿ ದೋಣಿಯ ಕಾಯಕ ಮಾಡುತ್ತ ಖಂಡತುಂಡ ಮಾತಾಡಿದ ಅಂಬಿಗರ ಚೌಡಯ್ಯನ ನೆನಪು ಈ ದಂಡೆಯಲ್ಲಿ ಇನ್ನೂ ಹಸಿಯಾಗಿದೆ. ಇನ್ನೂ ಕೆಳಗೆ ಗಳಗನಾಥದಲ್ಲಿ ವರದೆ ಬಂದು ಕೂಡುತ್ತಾಳೆ. ಅಲ್ಲಿಂದ ಹೊಳೆ ಮೂಡಲಿಗೆ ಸಾಗಿ ಹೊಸಪೇಟೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ನಿಲ್ಲುತ್ತದೆ. ಆ ಹಿನ್ನೀರಿನ ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳು. ಹೊಳೆಯ ತಲೆಯಲ್ಲಿ ಕುದುರೆಮುಖದ ಕಬ್ಬಿಣ, ಕೆಳಗೆ ಸಂಡೂರಿನ ಕಬ್ಬಿಣ, ನಡುವೆ ನಾವು. ಈ ನಕಾಶೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಅದು ಗಾಯರಾಣದ ಮಾತು. ಹಳೆಯ ಮೈಸೂರಿನವರು ಗೋಮಾಳವೆನ್ನುವುದನ್ನು ಮುಂಬಯಿ ಇಲಾಖೆಯ ಆಡಳಿತದಲ್ಲಿದ್ದ ನಮ್ಮ ಕಡೆಯವರು ಗಾಯರಾಣವೆನ್ನುತ್ತಾರೆ. ಊರ ಹೊರಗಿನ ಮುರ್ರಂ ನೆಲ, ಒಂದಿಷ್ಟು ಜಾಲಿ, ಬಾರಿ, ಕವಳಿಯ ಕಂಟಿ, ಮಳೆಗಾಲದಲ್ಲಿ ಮೊಣಕಾಲುದ್ದ ಹುಲ್ಲು. ಪಟ್ಟಣದವನ ಕಣ್ಣಿಗೆ ಅದು ಪಾಳುಬಿದ್ದ ಜಾಗ. ದಫ್ತರದ ಭಾಷೆಯಲ್ಲಿ ಸರಕಾರಿ ಜಮೀನು, ಸಿ ಮತ್ತು ಡಿ ವರ್ಗದ್ದು, ಅಂದರೆ ಮರ ಕಳೆದುಕೊಂಡು ಬರಡಾಯಿತೆಂದು ಲೆಕ್ಕ ಹಾಕಿದ ನೆಲ. ಆದರೆ ಒಂದೆಕರೆ ಹೊಲವೂ ಇಲ್ಲದವನ ಆಡು ಮೇಯುವುದು ಅಲ್ಲಿ. ಕುರುಬರ ಕುರಿಹಿಂಡು ನಿಲ್ಲುವುದು ಅಲ್ಲಿ. ಒಲೆಗೆ ಪುರಲೆ, ಗೋಡೆಗೆ ಮಣ್ಣು, ಬೇಸಗೆಯಲ್ಲಿ ಮಕ್ಕಳಿಗೆ ಕವಳಿಹಣ್ಣು ಎಲ್ಲವೂ ಅಲ್ಲಿಂದಲೇ. ಅದರ ಉತಾರದಲ್ಲಿ ಇವರಾರ ಹೆಸರೂ ಇಲ್ಲ. ಹೆಸರಿಲ್ಲದ್ದರಿಂದಲೇ ಅದು ಎಲ್ಲರದಾಗಿತ್ತು.

ಬ್ಯಾಡಗಿ ತಾಲೂಕಿನ ಒಂದು ಹಳ್ಳಿಗೆ ನಮ್ಮ ಸೋದರತ್ತೆಯನ್ನು ಕೊಟ್ಟಿತ್ತು. ಶಾಲೆಗೆ ರಜೆ ಬಂತೆಂದರೆ ನಾನು ರಾಣೆಬೆನ್ನೂರಿನಿಂದ ಅಲ್ಲಿಗೆ ಹೋಗುವುದು ವಾಡಿಕೆ. ಅತ್ತೆಯ ಎರಡು ಎಮ್ಮೆ, ನಾಲ್ಕು ಆಡು ಬೆಳಿಗ್ಗೆ ಊರ ಹಿಂಡಿನೊಡನೆ ಗಾಯರಾಣಕ್ಕೆ ಹೋಗಿ ಸಂಜೆಗೆ ತಾವಾಗಿ ಹಟ್ಟಿಗೆ ಬರುತ್ತಿದ್ದವು. ಆ ಎಮ್ಮೆಯ ಹಾಲು ಮಾರಿ ಅವಳು ಮಗನನ್ನು ಓದಿಸಿದಳು. ಮೇವಿಗಾಗಿ ಒಂದು ದುಡ್ಡು ಖರ್ಚು ಮಾಡಿದ್ದನ್ನು ನಾನು ಕಂಡಿಲ್ಲ. ಅದನ್ನು ಆದಾಯವೆಂದು ಯಾವ ಲೆಕ್ಕಪತ್ರದಲ್ಲೂ ಬರೆದಿರಲಾರರು.

ಇನ್ನು ಕಾರಖಾನೆಯ ಕಥೆ. 1970ರ ದಶಕದ ಆರಂಭದಲ್ಲಿ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರಖಾನೆ ಎದ್ದು ನಿಂತಿತು. ಬಿರ್ಲಾ ಸಮೂಹಕ್ಕೆ ಸೇರಿದ ಈ ಕಾರಖಾನೆ ನೀಲಗಿರಿಯ ಕಟ್ಟಿಗೆಯಿಂದ ರೇಯಾನ್ ದರ್ಜೆಯ ತಿರುಳನ್ನು ತೆಗೆಯುವಂಥದು. ಕಟ್ಟಿಗೆಯನ್ನು ಸಣ್ಣಗೆ ಚೂರು ಮಾಡಿ, ರಾಸಾಯನಿಕ ದ್ರಾವಣದಲ್ಲಿ ಒತ್ತಡದಲ್ಲಿ ಬೇಯಿಸಿ, ನಾರನ್ನು ಹಿಡಿದಿಟ್ಟಿದ್ದ ಅಂಟನ್ನು ಕರಗಿಸಿ ತೆಗೆಯುತ್ತಾರೆ. ಉಳಿದ ನಾರನ್ನು ಬಿಳುಪುಗೊಳಿಸಿದರೆ ತಿರುಳು ಸಿದ್ಧ. ಅದರಿಂದ ನೂಲು, ನೂಲಿನಿಂದ ನಮ್ಮ ನಿಮ್ಮ ಮೈಮೇಲಿನ ನುಣುಪಾದ ಅಂಗಿ, ಸೀರೆ. ಕರಗಿಸಿ ತೆಗೆದ ಅಂಟಿನ ಬಣ್ಣ ಕಡುಗಪ್ಪು. ಅದನ್ನು ಸರಿಯಾಗಿ ಸಂಸ್ಕರಿಸದೆ ನೀರಿಗೆ ಬಿಟ್ಟರೆ ಅದು ಕೊಳೆಯುವಾಗ ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಹೀರಿಬಿಡುತ್ತದೆ. ಪ್ರಾಣವಾಯು ಇಲ್ಲದಲ್ಲಿ ಮೀನು ಬದುಕಲಾರದು. ಇದರಲ್ಲಿ ರಹಸ್ಯವೇನೂ ಇಲ್ಲ.

ಕಾರಖಾನೆ ಸಾವಿರಾರು ಸಂಸಾರಗಳಿಗೆ ಅನ್ನವಿಟ್ಟಿತು ಎಂಬುದನ್ನು ಮರೆಮಾಚುವುದು ನ್ಯಾಯವಲ್ಲ. ನನ್ನ ಸಹಪಾಠಿಗಳಲ್ಲಿ ಕೆಲವರು ಅಲ್ಲಿ ನೌಕರಿ ಸಿಕ್ಕಿತೆಂದು ಪೇಡೆ ಹಂಚಿದ್ದು ನೆನಪಿದೆ. ಆದರೆ ಹೊಳೆಯ ಕೆಳಗಿನ ಊರಿನವರ ದೂರು ಬೇರೆಯಾಗಿತ್ತು. ನೀರಿನ ಬಣ್ಣ ಕೆಟ್ಟಿತು, ಮೀನು ಸತ್ತು ತೇಲಿತು, ದನ ನೀರಿಗೆ ಬಾಯಿಡವು ಎಂದು ಅವರು ಹೇಳಿದರು. ಬಲೆ, ಹರಗೋಲುಗಳನ್ನೇ ನಂಬಿದ ಅಂಬಿಗರಿಗೆ ಇದು ಹೊಟ್ಟೆಯ ಪ್ರಶ್ನೆ. ನೌಕರಿ ಸಿಕ್ಕವನೂ ಮೀನು ಕಳೆದುಕೊಂಡವನೂ ಬೇರೆ ಬೇರೆ ಜನ. ಒಬ್ಬನ ಲಾಭದಿಂದ ಇನ್ನೊಬ್ಬನ ನಷ್ಟವನ್ನು ಕಳೆದು ಲೆಕ್ಕ ಸರಿಯಾಯಿತೆಂದರೆ, ಆ ಲೆಕ್ಕ ಬರೆದವನು ಮೂರನೆಯವನು ಎಂದು ತಿಳಿಯಬೇಕು.

ಈ ಹೊತ್ತಿಗೆ ಮೆಡ್ಲೇರಿಯ ಸುತ್ತಿನ ಹಳ್ಳಿಗಳಲ್ಲಿ ಗ್ರಾಮಾಭಿವೃದ್ಧಿಯ ಕೆಲಸ ನಡೆದಿತ್ತು. 1979ರಲ್ಲಿ ಅಮೆರಿಕದಿಂದ ಮರಳಿದ ಎಸ್. ಆರ್. ಹಿರೇಮಠರು ಅಲ್ಲಿ ತೊಡಗಿದ್ದರು. ಅವರೂ ಅವರ ಸಂಗಡಿಗರೂ ಕಟ್ಟಿದ ಸಮಾಜ ಪರಿವರ್ತನ ಸಮುದಾಯ 1984ರ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿನ, ಕಾರಖಾನೆಯ ಮುಂದೆ ದೊಡ್ಡ ಪ್ರದರ್ಶನ ನಡೆಸಿತು. 1985ರ ಡಿಸೆಂಬರಿನಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಹೋಯಿತು. ಇಲ್ಲಿ ಗಮನಿಸಬೇಕಾದುದು, ಅರ್ಜಿಯ ಬೊಟ್ಟು ತಿರುಗಿದ್ದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯತ್ತ. ಕಾವಲು ಕಾಯಬೇಕಾದವನು ಏನು ಮಾಡುತ್ತಿದ್ದಾನೆ ಎಂಬುದೇ ಪ್ರಶ್ನೆ. ಕಾಲು ಶತಮಾನದ ಮೇಲೆ ಬಳ್ಳಾರಿಯಲ್ಲಿ ಇದೇ ಪ್ರಶ್ನೆ ಇನ್ನೂ ದೊಡ್ಡ ದನಿಯಲ್ಲಿ ಕೇಳಿಬಂತು.

ಅಷ್ಟರಲ್ಲಿ ಇನ್ನೊಂದು ಕಾಗದ ಹೊರಬಿತ್ತು. 1984ರ ನವೆಂಬರ್ 14ರಂದು ರಾಜ್ಯ ಸರಕಾರವೂ ಈ ಕಂಪನಿಯೂ ಒಂದು ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆಯನ್ನು ಹುಟ್ಟಿಸಿದ್ದವು. ಸರಕಾರದ ಪಾಲು ನೂರಕ್ಕೆ 51, ಕಂಪನಿಯದು 49. ನಾಲ್ಕು ಜಿಲ್ಲೆಗಳಲ್ಲಿ ಹರಡಿದ 30,000 ಹೆಕ್ಟೇರು, ಅಂದರೆ ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಬೇಗ ಬೆಳೆಯುವ ಮರಗಳನ್ನು ಬೆಳೆಸುವುದು. ಗುತ್ತಿಗೆಯ ಅವಧಿ 40 ವರ್ಷ. ಬಾಡಿಗೆ ವರ್ಷಕ್ಕೆ ಎಕರೆಗೆ ಒಂದು ರೂಪಾಯಿ. ಬೆಳೆದ ಕಟ್ಟಿಗೆಯಲ್ಲಿ ನೂರಕ್ಕೆ 87.5 ಪಾಲು ಕಾರಖಾನೆಗೆ. ಉಳಿದ 12.5 ಪಾಲನ್ನು ಕೊಳ್ಳುವ ಅವಕಾಶವೂ ಅದಕ್ಕೇ. ಅತ್ತೆಯ ಆಡು ಮೇಯುವಂಥ ನೆಲಕ್ಕೆ ಎಕರೆಗೆ ಒಂದು ರೂಪಾಯಿ! ಆ ಕಾಲದಲ್ಲಿ ಒಂದು ರೂಪಾಯಿಗೆ ಒಂದು ಸೇರು ಜೋಳವೂ ಬರುತ್ತಿರಲಿಲ್ಲ.

ಮಣ್ಣಿನೊಳಗಿನ ಅದಿರನ್ನು ಅಗೆದು ಒಯ್ದರೆ ಅದು ಗಣಿ. ನೆಲದ ಮೇಲಿನದನ್ನು ಕಡಿದು ಒಯ್ಯಲು ಊರಿನ ಬಯಲನ್ನೇ 40 ವರ್ಷ ಬೇಲಿ ಹಾಕಿದರೆ ಅದಕ್ಕೆ ಏನೆನ್ನಬೇಕು? ಕಾನೂನಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು. ಊರಿನವನಿಗೆ ಎರಡರ ಫಲವೂ ಒಂದೇ. ಆದುದರಿಂದಲೇ ಗಣಿಯ ಕಥೆಯನ್ನು ನಾನು ಇಲ್ಲಿಂದ ಆರಂಭಿಸಿದ್ದು.

ನೀಲಗಿರಿಯನ್ನು ಪ್ರತಿಭಟಿಸಿದವರಲ್ಲಿ ನಮ್ಮವರೇ ಮೊದಲಿಗರಲ್ಲ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಸಸಿಮಡಿಗಳಿಗೆ ನುಗ್ಗಿ ನೀಲಗಿರಿಯ ಸಸಿಗಳನ್ನು ಕಿತ್ತೆಸೆದಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಶಿರಸಿಯ ಹತ್ತಿರದ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿಗೆ ನಾಂದಿ ಹಾಡಿದ್ದರು. ಒಂದು ಕಡೆ ಕೀಳುವುದು, ಇನ್ನೊಂದು ಕಡೆ ಅಪ್ಪಿಕೊಳ್ಳುವುದು. ಇವೆರಡರ ನಡುವಿನ ದಾರಿ ಹಾನಗಲ್ಲ ಸೀಮೆಯ ಕುಸನೂರಿಗೆ ಹೊಳೆಯಿತು.

ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಕೋಟ ಶಿವರಾಮ ಕಾರಂತರೂ ಇದ್ದರು. ಎಂಬತ್ತು ದಾಟಿದ್ದ, ಜ್ಞಾನಪೀಠದ ಮನ್ನಣೆ ಪಡೆದ ಆ ಹಿರಿಯರು ಗಾಯರಾಣದ ಹುಲ್ಲಿಗಾಗಿ ದಿಲ್ಲಿಯ ನ್ಯಾಯಾಲಯದ ಬಾಗಿಲು ತಟ್ಟಿದರು. 1987ರ ಮಾರ್ಚ್‌ನಲ್ಲಿ, ಇನ್ನು ಮುಂದೆ ಭೂಮಿಯನ್ನು ಆ ಸಂಸ್ಥೆಗೆ ವಹಿಸಕೂಡದೆಂದು ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಆದರೆ ಆಜ್ಞೆ ಕಾಗದದ ಮೇಲಿನದು, ಸಸಿ ನೆಲದ ಮೇಲಿನದು.

1987ರ ನವೆಂಬರ್ 14. ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ ಸುಮಾರು 2,000 ಜನ ನೆರೆದರು. ಗಂಡಸರು, ಹೆಂಗಸರು, ಮಕ್ಕಳು. ಶಾಲೆಯ ಅಂಗಳದಲ್ಲಿ ನಿಂತು ಅಹಿಂಸೆಯ ಪ್ರತಿಜ್ಞೆ ಮಾಡಿದರು. ಮುಂದೆ ವಾದ್ಯ, ಹಿಂದೆ ಘೋಷಣೆ. ಮೆರವಣಿಗೆ ಆ ಬಯಲಿಗೆ ಹೋಯಿತು. ಅಲ್ಲಿ ಸುಮಾರು 100 ನೀಲಗಿರಿಯ ಸಸಿಗಳನ್ನು ಕಿತ್ತರು. ಕಿತ್ತು ಕೈ ಝಾಡಿಸಿಕೊಂಡು ಹೋಗಲಿಲ್ಲ. ಅದೇ ನೆಲದಲ್ಲಿ ಹಣ್ಣಿನ, ಮೇವಿನ, ಊರಿಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ಅವುಗಳಿಗೆ ನೀರೆರೆದು ಕಾಪಾಡುತ್ತೇವೆಂದು ಮಾತು ಕೊಟ್ಟು ಚದರಿದರು. ಈ ಸತ್ಯಾಗ್ರಹದ ಹೆಸರೇ ಕಿತ್ತಿಕೊ-ಹಚ್ಚಿಕೊ.

ನಮ್ಮ ಕಡೆ ಗಿಡ ನೆಡುವುದಕ್ಕೆ ಹಚ್ಚುವುದು ಎನ್ನುತ್ತಾರೆ. ದೀಪಕ್ಕೂ ಅದೇ ಮಾತು. ಒಂದೇ ಕ್ರಿಯಾಪದದಲ್ಲಿ ಬೇರೂ ಬೆಳಕೂ ಕೂಡಿದ್ದು ಆ ಹೆಸರಿಟ್ಟವರ ಮನಸ್ಸಿನಲ್ಲಿತ್ತೋ ಇಲ್ಲವೋ, ಕೇಳಿದವರ ಮನಸ್ಸಿನಲ್ಲಿ ನಿಂತಿತು.

ಆ ದಿನ ನಾನು ಕುಸನೂರಿಗೆ ಹೋಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹಾವೇರಿಯಲ್ಲಿ ಹೊಸದಾಗಿ ನೌಕರಿ ಹಿಡಿದಿದ್ದ ನಾನು ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ಓದಿ ಮುಖ ಸಿಂಡರಿಸಿದೆ. ಗಿಡ ಕೀಳುವುದು ಎಂಥ ಪರಿಸರಪ್ರೇಮ ಎಂದು ನನ್ನ ಅನಿಸಿಕೆ. ಮುಂದೆ ಒಂದು ರವಿವಾರ ಅತ್ತೆಯ ಊರಿಗೆ ಹೋದಾಗ ನನ್ನ ಈ ಪಾಂಡಿತ್ಯವನ್ನು ಅವಳ ಮುಂದೆ ತೆರೆದಿಟ್ಟೆ. ಅವಳು ಹಿಂಡುತ್ತಿದ್ದ ಎಮ್ಮೆಯ ಕೆಚ್ಚಲಿನಿಂದ ಕೈ ತೆಗೆಯದೆ ಹೇಳಿದಳು:

“ಹೊಲದಾಗಿನ ಕಳೀ ಕಿತ್ತರ ತಪ್ಪೇನೋ ತಮ್ಮಾ? ಅದು ಗಿಡ ಅಲ್ಲ, ಬೆಳಿ. ಯಾರ ಬೆಳಿ, ಯಾರ ಹೊಲದಾಗ ಹಚ್ಯಾರ, ಅದನ್ನ ಕೇಳು ಮೊದಲು. ಊರಾಗಿನವರನ್ನ ಯಾರರೆ ಒಂದು ಮಾತು ಕೇಳ್ಯಾರೇನು?”

ನನ್ನ ಮೈಮೇಲೆ ಅಂದು ರೇಯಾನಿನ ಅಂಗಿಯಿತ್ತು. ದೀಪಾವಳಿಗೆ ಕೊಂಡದ್ದು. ಆ ಅಂಗಿಗೂ ಅತ್ತೆಯ ಎಮ್ಮೆಗೂ ನಡುವೆ ಒಂದು ದಾರವಿದೆಯೆಂದು ಅದುವರೆಗೆ ನನಗೆ ತೋಚಿರಲಿಲ್ಲ. ಉತ್ತರ ಹೊಳೆಯದೆ ಹಾಲಿನ ಚರಿಗೆ ಹಿಡಿದು ನಿಂತೆ.

ರಾಣೆಬೆನ್ನೂರಿನವನಾಗಿ ನನಗೆ ಇನ್ನೂ ಮೊದಲೇ ತಿಳಿಯಬೇಕಿತ್ತು. 1974ರಲ್ಲಿ ಕೃಷ್ಣಮೃಗಗಳಿಗಾಗಿ ನಮ್ಮೂರಿನ ಪಕ್ಕದಲ್ಲೇ 119 ಚದರ ಕಿಲೊಮೀಟರಿನ ಅಭಯಾರಣ್ಯವನ್ನು ಘೋಷಿಸಿದರು. ಕೃಷ್ಣಮೃಗ ಬಯಲಿನ ಪ್ರಾಣಿ. ದೂರಕ್ಕೆ ಕಣ್ಣು ಹಾಯಬೇಕು, ಓಡಲು ಬಯಲಿರಬೇಕು, ಮೇಯಲು ಹುಲ್ಲಿರಬೇಕು. ಆದರೆ ಆ ಅಭಯಾರಣ್ಯದ ನಡುವಿಗೇ ನೀಲಗಿರಿಯ ಸಾಲುಗಳು ಬಂದಿದ್ದವು. ಹುಲ್ಲುಗಾವಲನ್ನು ಪಾಳು ಎಂದು ಕರೆಯುವ ಕಣ್ಣು ಮೃಗಕ್ಕೂ ಒಂದೇ, ಮನುಷ್ಯನಿಗೂ ಒಂದೇ. ಶಾಲೆಯ ಮಕ್ಕಳಾಗಿ ನಾವು ಜಿಂಕೆ ನೋಡಲು ಹೋಗಿ ಮರಗಳ ಸಾಲು ನೋಡಿ ಬಂದೆವು. ಅದು ಯಾಕೆಂದು ಕೇಳಲಿಲ್ಲ.

1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚಲಾಯಿತು. ಗುತ್ತಿಗೆಯ 40 ವರ್ಷದಲ್ಲಿ ಅದು ಏಳನ್ನು ಕಂಡಿತು. ನ್ಯಾಯಾಲಯದ ಕಾಗದ, ಬಯಲಿನ ಸತ್ಯಾಗ್ರಹ ಇವೆರಡರಲ್ಲಿ ಯಾವುದು ಗೆಲಿಸಿತು ಎಂದು ಕೇಳಿದರೆ, ಜೋಡೆತ್ತಿನಲ್ಲಿ ಯಾವ ಎತ್ತು ಉತ್ತಿತು ಎಂದು ಕೇಳಿದಂತೆ. ಆದರೆ ಈ ಏಳು ವರ್ಷಗಳಲ್ಲಿ ನಮ್ಮ ಸೀಮೆಯವರು ಕೆಲವು ಸಂಗತಿಗಳನ್ನು ಕಲಿತರು. ಸರಕಾರಿ ಜಮೀನೆಂದರೆ ಸರಕಾರದ ಸ್ವಂತದ್ದಲ್ಲ. ಒಪ್ಪಂದದ ಪ್ರತಿಯನ್ನು ಕೈಗೆ ಪಡೆದು ಸಾಲುಸಾಲಾಗಿ ಓದಬೇಕು. ಕಾಯಬೇಕಾದವನನ್ನೇ ಮೊದಲು ಕಟಕಟೆಗೆ ಕರೆಯಬೇಕು. ಕಿತ್ತ ಜಾಗವನ್ನು ಖಾಲಿ ಬಿಡಬಾರದು.

ಈ ಪಾಠ ಹೊಳೆಯ ಉದ್ದಕ್ಕೂ ಕೆಲಸಕ್ಕೆ ಬಂತು. ಮೊದಲು ಹೊಳೆಯ ತಲೆಗೆ ಹೋಗೋಣ. 1976ರಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆಯೊಂದು ಕುದುರೆಮುಖದಲ್ಲಿ ಅದಿರು ತೆಗೆಯುತ್ತಿತ್ತು. ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸುವ ಏರ್ಪಾಡು. ವರ್ಷಕ್ಕೆ ಸಾವಿರಾರು ಮಿಲ್ಲಿಮೀಟರು ಮಳೆ ಸುರಿಯುವ ಆ ಬೆಟ್ಟಗಳಲ್ಲಿ ಅಗೆದು ಬಿಟ್ಟ ಮಣ್ಣು ನಿಲ್ಲುವುದುಂಟೆ? ಭದ್ರೆಗೇ ಇಳಿಯಬೇಕು. ಪರಿಸರವಾದಿಗಳು ಹೂಡಿದ ಮೊಕದ್ದಮೆಯಲ್ಲಿ 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, 2005ರ ಕೊನೆಗೆ ಗಣಿ ನಿಂತಿತು. ಆದರೆ ಅಲ್ಲಿಯ ಕಾಡಿನ ಮೂಲನಿವಾಸಿಗಳಾದ ಮಲೆಕುಡಿಯರ ಕಥೆ ಅಷ್ಟಕ್ಕೆ ಮುಗಿಯಲಿಲ್ಲ. ಗಣಿ ಹೋಯಿತು, ರಾಷ್ಟ್ರೀಯ ಉದ್ಯಾನ ಉಳಿಯಿತು. ಉದ್ಯಾನದೊಳಗೆ ಅವರು ಉಳಿಯಬೇಕೋ ಹೊರಡಬೇಕೋ ಎಂಬ ಅಂಜಿಕೆ ಅವರನ್ನು ಬಿಡಲಿಲ್ಲ. ಬೆಟ್ಟವನ್ನು ಉಳಿಸಿದರೂ ಬೆಟ್ಟದವರನ್ನು ಕೇಳುವುದು ಮರೆತುಹೋಗಬಹುದು ಎಂಬುದಕ್ಕೆ ಇದು ನಿದರ್ಶನ.

ಇನ್ನು ಹೊಳೆಯ ಕೆಳಗೆ. ಈ ಶತಮಾನದ ಆರಂಭದಲ್ಲಿ ಚೀನ ದೇಶದ ಉಕ್ಕಿನ ಹಸಿವಿನಿಂದ ಅದಿರಿನ ಬೆಲೆ ನೆಗೆಯಿತು. ಸಂಡೂರು, ಹೊಸಪೇಟೆ, ಬಳ್ಳಾರಿಗಳ ಹಾದಿಯಲ್ಲಿ ಲಾರಿಗಳ ಸಾಲು. ಕುಮಾರಸ್ವಾಮಿಯ ಪುರಾತನ ಗುಡಿಯಿರುವ ಬೆಟ್ಟದ ಸಾಲಿನಲ್ಲಿ ಸಿಡಿಮದ್ದಿನ ಸದ್ದು. ಹೊಲದ ಬೆಳೆಯ ಮೇಲೆ, ಬಾವಿಯ ನೀರಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೆಂಪು ದೂಳು. ಸಂಡೂರಿನ ಲಂಬಾಣಿ ತಾಂಡಾಗಳ ಹೆಂಗಸರ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಬಂತು. ಅದೇ ವರ್ಷಗಳಲ್ಲಿ ಆ ತಾಂಡಾಗಳ ಸುತ್ತಿನ ಬೆಟ್ಟಗಳು ಲಾರಿಗೇರಿ ಬೇಲೆಕೇರಿಯಂಥ ಬಂದರುಗಳಿಗೆ ಸಾಗುತ್ತಿದ್ದವು.

2009ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಅರ್ಜಿ ಹೋಯಿತು. ಅರ್ಜಿದಾರರ ಹೆಸರು ನೋಡಿ ನಾನು ಕನ್ನಡಕ ಒರೆಸಿಕೊಂಡೆ: ಸಮಾಜ ಪರಿವರ್ತನ ಸಮುದಾಯ. ನಮ್ಮ ಹೊಳೆದಂಡೆಯ ಆ ಹಳೆಯ ಹೆಸರು! 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಬಗ್ಗೆ ತಮ್ಮ ವರದಿಯನ್ನು ಒಪ್ಪಿಸಿದರು. ಎರಡೇ ದಿನಕ್ಕೆ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ತಿಂಗಳೊಪ್ಪತ್ತಿನಲ್ಲಿ ಚಿತ್ರದುರ್ಗ, ತುಮಕೂರುಗಳಿಗೂ ಆಜ್ಞೆ ವಿಸ್ತರಿಸಿತು. 2013ರ ಏಪ್ರಿಲ್ 18ರಂದು ಅಂತಿಮ ತೀರ್ಪು ಬಂತು. ಗಣಿಗಳನ್ನು ಅಪರಾಧದ ತೂಕಕ್ಕೆ ತಕ್ಕಂತೆ ಮೂರು ವರ್ಗ ಮಾಡಿ, ಕಡೆಯ ವರ್ಗದ ಸುಮಾರು 50 ಗುತ್ತಿಗೆಗಳನ್ನು ರದ್ದುಗೊಳಿಸಿದರು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ-ತುಮಕೂರುಗಳಿಗೆ ಸೇರಿ 50 ಲಕ್ಷ ಟನ್ ಎಂದು ಅಂದು ಮಿತಿ ಹಾಕಿದರು. ಕೆಟ್ಟ ನೆಲವನ್ನು ಮತ್ತೆ ಸುಸ್ಥಿತಿಗೆ ತರಲು ಗಣಿಗಳಿಂದಲೇ ಹಣ ಕೂಡಿಸುವ ವ್ಯವಸ್ಥೆಯೂ ಆಯಿತು. ಕಿತ್ತಿಕೊ ಆಯಿತು, ಹಚ್ಚಿಕೊ ಎಂಬುದಕ್ಕೂ ಕಾನೂನಿನಲ್ಲಿ ಜಾಗ ಸಿಕ್ಕಿತೆಂದು ನಾನು ಹಿಗ್ಗಿದೆ.

ಆದರೆ ಅದೇ 2013ರ ಏಪ್ರಿಲ್ 18ರಂದು, ಅದೇ ಮೂವರು ನ್ಯಾಯಮೂರ್ತಿಗಳ ಪೀಠದಿಂದ ಇನ್ನೊಂದು ತೀರ್ಪೂ ಹೊರಬಿತ್ತು. ಅದು ಒಡಿಶಾದ ನಿಯಮಗಿರಿ ಬೆಟ್ಟದ್ದು. ಅಲ್ಲಿ ಬಾಕ್ಸೈಟ್ ಗಣಿಯ ಪ್ರಸ್ತಾಪವಿತ್ತು. ಆ ಬೆಟ್ಟವನ್ನು ನಿಯಮರಾಜನ ನೆಲೆಯೆಂದು ಪೂಜಿಸುವ ಡೋಂಗ್ರಿಯ ಕೊಂಧ ಆದಿವಾಸಿಗಳು ವರ್ಷಗಟ್ಟಲೆ ಅದನ್ನು ಎದುರಿಸಿದ್ದರು. ನ್ಯಾಯಾಲಯ ಹೇಳಿದ್ದು ಸಣ್ಣ ಮಾತು: ಗ್ರಾಮಸಭೆಗಳನ್ನು ಕೇಳಿರಿ. ಆ ವರ್ಷದ ಜುಲೈ, ಆಗಸ್ಟ್ ತಿಂಗಳಲ್ಲಿ 12 ಹಳ್ಳಿಗಳಲ್ಲಿ ಸಭೆಗಳು ನಡೆದವು. ಹನ್ನೆರಡಕ್ಕೆ ಹನ್ನೆರಡೂ ಬೇಡವೆಂದವು. ಗಣಿ ಬರಲಿಲ್ಲ.

ಈ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅತ್ತೆಯ ಮಾತು ಮತ್ತೆ ಕಿವಿಯಲ್ಲಿ ಮೊಳಗಿತು. ಸಂಡೂರಿನ ತೀರ್ಪಿನಲ್ಲಿ ಕಳ್ಳತನವನ್ನು ಹಿಡಿದರು, ಅಳತೆ ಹಾಕಿದರು, ದಂಡ ವಿಧಿಸಿದರು. ನಿಯಮಗಿರಿಯ ತೀರ್ಪಿನಲ್ಲಿ ಊರನ್ನು ಕೇಳಿದರು. ಅಲ್ಲಿ ಕೇಳಲು 2006ರ ಅರಣ್ಯ ಹಕ್ಕಿನ ಕಾಯಿದೆಯ ಆಸರೆಯಿತ್ತು, ಅದು ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶವೂ ಹೌದು. ಕರ್ನಾಟಕದಲ್ಲಿ ಐದನೆಯ ಅನುಸೂಚಿಗೆ ಸೇರಿದ ಪ್ರದೇಶವೇ ಇಲ್ಲ. ಸಂಡೂರಿನ ತಾಂಡಾದವನನ್ನು, ಕುಸನೂರಿನ ದನಗಾಹಿಯನ್ನು, ಐರಣಿಯ ಅಂಬಿಗನನ್ನು ಕೇಳಲೇಬೇಕೆಂಬ ಕಾನೂನಿನ ಆಸರೆ ನಿಯಮಗಿರಿಯಷ್ಟು ಗಟ್ಟಿಯಾಗಿಲ್ಲ. ಅವನ ಅಜ್ಜ ಮುತ್ತಜ್ಜಂದಿರು ಅದೇ ನೆಲದ ಮೇಲೆ ಬಾಳಿದ್ದರೂ ಸರಕಾರದ ಪಟ್ಟಿಯಲ್ಲಿ ಅವನು ಮೂಲನಿವಾಸಿಯಲ್ಲ. ಉತಾರದಲ್ಲಿ ಹೆಸರಿಲ್ಲದವನಿಗೆ ಆ ಪಟ್ಟಿಯಲ್ಲೂ ಹೆಸರಿಲ್ಲ.

ಊರನ್ನು ಕೇಳದೆ ಹಾಕಿದ ಮಿತಿ ಮೇಲಿನವರ ಕೈಯಲ್ಲಿ ಏರಿಳಿಯುತ್ತದೆ. 2022ರಲ್ಲಿ ನ್ಯಾಯಾಲಯ ಅದಿರಿನ ರಫ್ತಿಗೆ ಮತ್ತೆ ಅನುಮತಿ ಕೊಟ್ಟಿತು, ಉತ್ಪಾದನೆಯ ಮಿತಿಯನ್ನೂ ಏರಿಸಿತು. ಅದಕ್ಕೆ ಕಾರಣಗಳಿರಬಹುದು. ಕಬ್ಬಿಣ ಬೇಡವೆಂದು ಕಬ್ಬಿಣದ ಬಸ್ಸಿನಲ್ಲಿ ತಿರುಗುವ ನಾನು ಹೇಳಲಾರೆ. ನಮ್ಮ ಮಗ್ಗುಲಿನ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ನೋಡಿರಿ. ಔಷಧಿಯ ಸಸ್ಯಗಳಿಗೂ ನೆಲದೊಳಗಿನ ಚಿನ್ನಕ್ಕೂ ಒಟ್ಟಿಗೆ ಹೆಸರಾದ ಆ ಗುಡ್ಡಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಣೆಯನ್ನು 2016ರಲ್ಲಿ ತೆಗೆದರು. ಜನ ಎದ್ದರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು. 2017ರಲ್ಲಿ ಸಂರಕ್ಷಣೆ ಮರಳಿ ಬಂತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಕೊಡುವುದೂ ತೆಗೆಯುವುದೂ ಒಂದು ರುಜುವಿನ ಕೆಲಸ. ಆ ರುಜು ಬೀಳುವ ಮೊದಲು ಊರಿನ ಬಯಲಿನಲ್ಲಿ ಕೂತು ಒಂದು ಮಾತು ಕೇಳುವುದೇ ನಮ್ಮಲ್ಲಿ ಇನ್ನೂ ರೂಢಿಯಾಗಬೇಕಾದದ್ದು.

ಅತ್ತೆ ಈಗಿಲ್ಲ. ಕಳೆದ ಮಳೆಗಾಲದಲ್ಲಿ ಅವಳ ಊರಿಗೆ ಹೋಗಿದ್ದೆ. ಗಾಯರಾಣದಲ್ಲಿ ಅರ್ಧಕ್ಕೆ ಮನೆಗಳೆದ್ದಿವೆ. ಉಳಿದ ಅರ್ಧದಲ್ಲಿ ಹುಲ್ಲು ಚೆನ್ನಾಗಿ ಬಂದಿತ್ತು, ಐದಾರು ಎಮ್ಮೆ ಮೇಯುತ್ತಿದ್ದವು. ಕಾಯುತ್ತಿದ್ದ ಹುಡುಗಿ ಮೊಬೈಲಿನಿಂದ ತಲೆಯೆತ್ತಿ ನನ್ನ ಪ್ಯಾಂಟು, ಕೈಚೀಲಗಳನ್ನು ಅನುಮಾನದಿಂದ ನೋಡಿದಳು.

“ಮೋಜಣಿಗೆ ಬಂದೀರೇನ್ರಿ ಅಜ್ಜಾರ?” ಎಂದಳು.

ಅಳೆಯಲು ಬಂದವನಲ್ಲವೆಂದು ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ. ಎಮ್ಮೆಗಳನ್ನು ತುಸು ದೂರಕ್ಕೆ ಹೊಡೆದುಕೊಂಡು ಹೋಗಿ, ಅಲ್ಲಿಂದಲೇ ನನ್ನನ್ನು ನೋಡುತ್ತ ನಿಂತಳು. ಅವಳ ಅನುಮಾನ ನ್ಯಾಯವಾದದ್ದೇ. ಕೇಳಲು ಬಂದವರನ್ನು ಅವಳು ಇದುವರೆಗೆ ಕಂಡಿಲ್ಲ. ಅಳೆಯಲು ಬಂದವರನ್ನು ಮಾತ್ರ ಕಂಡಿದ್ದಾಳೆ.